ನ್ಯೂ ಹ್ಯಾಂಪ್‌ಶೈರಿನ ಪ್ರಥಮ ಮತ

ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದಲ್ಲಿ, ಉತ್ತರಕ್ಕೆ ಕೆನಡ ದೇಶವನ್ನೂ ಆಗ್ನೇಯಕ್ಕೆ ಅಟ್ಲಾಂಟಿಕ್ ಸಾಗರದ ಹದಿನೆಂಟು ಮೈಲಿಯ ಕಿರಿದಾದ ತೀರವನ್ನೂ ಎಲ್ಲೆಯಾಗಿ ಪಡೆದು, ಬಿಳಿಯ ಬೆಟ್ಟಗಳೆಂದೇ ಹೆಸರಾದ ಗಿರಿಪಂಕ್ತಿಯನ್ನು ತನ್ನ ಒಡಲಿನಲ್ಲಿ ತಳೆದಿರುವ ನ್ಯೂ ಹ್ಯಾಂಪ್‌ಶೈರ್ ರಾಜ್ಯವು, ವಿಸ್ತಾರದಿಂದಾಗಲಿ ಜನಸಂಖ್ಯೆಯಿಂದಾಗಲಿ ಆ ವಿಶಾಲ ರಾಷ್ಟ್ರದಲ್ಲಿ ಅಗ್ರಗಣ್ಯವಾದುದಲ್ಲ. 2020ರ ಜನಗಣತಿಯ ಮೇರೆಗೆ ಅಲ್ಲಿಯ ಜನ ಹದಿನಾಲ್ಕು ಲಕ್ಷಕ್ಕೂ ತುಸು ಕಡಿಮೆ. ಅಧ್ಯಕ್ಷರನ್ನು ಆರಿಸುವ 538 ನಿರ್ವಾಚಕ ಮತಗಳಲ್ಲಿ ಆ ರಾಜ್ಯದ ಪಾಲು ಕೇವಲ 4. ಆದಾಗ್ಯೂ ನಾಲ್ಕು ವರ್ಷಕ್ಕೊಮ್ಮೆ, ಹಿಮವು ಮೊಣಕಾಲೆತ್ತರ ಬಿದ್ದಿರುವ ದಿನಗಳಲ್ಲಿ, ಜಗತ್ತಿನ ಅತ್ಯಂತ ಪ್ರಬಲವಾದ ಪದವಿಯನ್ನು ಬಯಸುವ ಸ್ತ್ರೀಪುರುಷರು ಒಬ್ಬರ ಹಿಂದೊಬ್ಬರಂತೆ ಈ ನಾಡಿಗೆ ಬಂದು, ಉಪಾಹಾರ ಗೃಹಗಳಲ್ಲಿ, ಗಿರಣಿಗಳ ಬಾಗಿಲಲ್ಲಿ, ಯಾರೋ ಒಬ್ಬ ಗೃಹಸ್ಥರ ನಡುಮನೆಯಲ್ಲಿ ನಿಂತು, ಕೇಳಿದ ಪ್ರಶ್ನೆಗೆ ಉತ್ತರ ಕೊಡಲೇಬೇಕಾದ ಒಂದು ಸಂಪ್ರದಾಯವು ಅಲ್ಲಿ ಬೇರೂರಿದೆ. ಆ ಸಂಪ್ರದಾಯದ ಹುಟ್ಟನ್ನೂ ಬೆಳವಣಿಗೆಯನ್ನೂ ಯಥಾಶಕ್ತಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಪ್ರಾಥಮಿಕ ಚುನಾವಣೆ, ಅಂದರೆ ಜನರ ಬಾಯಲ್ಲಿ ಪ್ರೈಮರಿ, ಎಂದರೇನೆಂಬುದನ್ನು ಸ್ವಲ್ಪ ವಿಶದಪಡಿಸಬೇಕು. ನಮ್ಮಲ್ಲಿ ಒಂದು ಪಕ್ಷದ ಉಮೇದುವಾರರು ಯಾರೆಂಬುದನ್ನು ಪಕ್ಷದ ವರಿಷ್ಠರು ನಿಶ್ಚಯಿಸುತ್ತಾರೆ. ಟಿಕೆಟ್ಟು ಯಾರಿಗೆ ದೊರೆಯಿತೆಂಬ ಸುದ್ದಿ ಬಂದ ತರುವಾಯವೇ ಮತದಾರನ ಕೆಲಸ ಆರಂಭವಾಗುತ್ತದೆ. ಅಮೆರಿಕದಲ್ಲಿಯೂ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಇದ್ದ ಪದ್ಧತಿ ಬಹುಮಟ್ಟಿಗೆ ಇಂಥದೇ ಆಗಿತ್ತು. ಪಕ್ಷದ ಮಹಾಧಿವೇಶನಕ್ಕೆ ರಾಜ್ಯರಾಜ್ಯಗಳಿಂದ ಹೋಗುವ ಪ್ರತಿನಿಧಿಗಳನ್ನು ಸ್ಥಳೀಯ ಮುಖಂಡರು ತಮ್ಮೊಳಗೆ ಮಾತಾಡಿಕೊಂಡು ಗೊತ್ತುಮಾಡುವರು. ಆ ಪ್ರತಿನಿಧಿಗಳು ಅಧಿವೇಶನದಲ್ಲಿ ಕಲೆತು, ಹಲವು ಸುತ್ತಿನ ಮತಗಳಿಂದಲೂ ತೆರೆಮರೆಯ ಒಪ್ಪಂದಗಳಿಂದಲೂ ಒಬ್ಬನನ್ನು ಉಮೇದುವಾರನನ್ನಾಗಿ ಘೋಷಿಸುವರು. ಈ ಅಧಿಕಾರವನ್ನು ಮುಖಂಡರ ಕೈಯಿಂದ ತೆಗೆದು ಪಕ್ಷದ ಸಾಮಾನ್ಯ ಮತದಾರನ ಕೈಗೆ ಕೊಡತಕ್ಕದ್ದೆಂಬ ಚಳವಳಿಯ ಫಲವೇ ಪ್ರಾಥಮಿಕ ಚುನಾವಣೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ರಾಬರ್ಟ್ ಲಾ ಫಾಲೆಟ್ ಮಹಾಶಯರು ಈ ವಿಚಾರಕ್ಕೆ ಶಾಸನದ ರೂಪವನ್ನು ಕೊಟ್ಟರು; 1910ರಲ್ಲಿ ಆರೆಗನ್ ರಾಜ್ಯವು ಅಧ್ಯಕ್ಷ ಪದವಿಗೇ ನೇರವಾಗಿ ಒಲವು ಸೂಚಿಸುವ ಮತವನ್ನು ಏರ್ಪಡಿಸಿತು. ಹೀಗೆ ಪ್ರಾಥಮಿಕ ಚುನಾವಣೆಯ ಜನ್ಮಭೂಮಿ ನ್ಯೂ ಹ್ಯಾಂಪ್‌ಶೈರ್ ಅಲ್ಲವೆಂಬುದನ್ನು ಆ ರಾಜ್ಯದ ಅಭಿಮಾನಿಗಳೂ ಒಪ್ಪತಕ್ಕದ್ದೇ.

ಆದರೆ ಅಂಥ ಸುಧಾರಣೆಯ ಹಸಿವು ಅಲ್ಲಿ ಇತರೆಡೆಗಳಿಗಿಂತ ಹೆಚ್ಚಾಗಿಯೇ ಇತ್ತೆನ್ನಬಹುದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆ ರಾಜ್ಯದ ನಿಜವಾದ ಒಡೆತನ ಬಾಸ್ಟನ್ ಮತ್ತು ಮೇಯ್ನ್ ರೈಲ್ವೆ ಕಂಪೆನಿಯದಾಗಿತ್ತು. ಶಾಸಕರಿಗೂ ಅಧಿಕಾರಿಗಳಿಗೂ ಪತ್ರಿಕೆಯವರಿಗೂ ಕಂಪೆನಿಯು ಹಂಚುತ್ತಿದ್ದ ಉಚಿತ ಪ್ರಯಾಣದ ಪಾಸುಗಳು ಅವರ ಸ್ವಾತಂತ್ರ್ಯವನ್ನೂ ಕೊಂಡುಕೊಳ್ಳುತ್ತಿದ್ದವು. ಕಾರ್ನಿಷ್ ಎಂಬ ಊರಿನಲ್ಲಿ ನೆಲೆಸಿದ್ದ ವಿನ್‌ಸ್ಟನ್ ಚರ್ಚಿಲ್ ಎಂಬ ಕಾದಂಬರಿಕಾರರು (ಇವರು ಅಮೆರಿಕದವರು; ಆಂಗ್ಲ ಪ್ರಧಾನಿಗೂ ಇವರಿಗೂ ನಾಮಸಾಮ್ಯವಲ್ಲದೆ ಬೇರೆ ಸಂಬಂಧವಿಲ್ಲ) 1906ರಲ್ಲಿ 'ಕಾನಿಸ್ಟನ್' ಎಂಬ ಕಾದಂಬರಿಯನ್ನು ಪ್ರಕಟಿಸಿ, ಹಳ್ಳಿಯ ಮುಖಂಡನೊಬ್ಬನು ರಾಜ್ಯವನ್ನೇ ತನ್ನ ಮುಷ್ಟಿಯಲ್ಲಿ ಹಿಡಿದ ಬಗೆಯನ್ನು ಚಿತ್ರಿಸಿದರು; ಅಷ್ಟಕ್ಕೆ ತೃಪ್ತರಾಗದೆ ಅದೇ ವರ್ಷ ರೈಲ್ವೆಯ ಪ್ರಭುತ್ವವನ್ನು ಎದುರಿಸಿ ಗವರ್ನರ್ ಪದವಿಯ ಉಮೇದುವಾರಿಕೆಗೆ ನಿಂತು, ಪಕ್ಷದ ಅಧಿವೇಶನದಲ್ಲಿ ಸೋತರು. ಸಾಹಿತಿಯೊಬ್ಬನು ಬರೆದುದನ್ನು ಬದುಕಿ ತೋರಿಸಲು ಹೊರಟ ಈ ಪ್ರಸಂಗವನ್ನು ರಾಜಕೀಯ ಚರಿತ್ರೆಗಳು ಎರಡು ಸಾಲಿನಲ್ಲಿ ಮುಗಿಸಿಬಿಡುವುದುಂಟು. ನನಗಾದರೋ ಅದು ಈ ಸಂಸ್ಥೆಯ ಅಸ್ತಿವಾರದಲ್ಲಿ ಹುದುಗಿದ ಮುಖ್ಯ ಶಿಲೆಗಳಲ್ಲಿ ಒಂದೆಂದೇ ತೋರುತ್ತದೆ. ಅವರ ಸೋಲಿನ ಬೆನ್ನಿಗೆ ರಾಬರ್ಟ್ ಬ್ಯಾಸ್ ಪ್ರಭೃತಿ ಸುಧಾರಕರು ಬಲಗೊಂಡು, 1909ರಲ್ಲಿ ರಾಜ್ಯದ ಪದವಿಗಳಿಗೆ ನೇರ ಪ್ರಾಥಮಿಕ ಚುನಾವಣೆಯ ಕಾನೂನನ್ನು ತಂದರು. 1912ರಲ್ಲಿ ಥಿಯೊಡೋರ್ ರೂಸ್‌ವೆಲ್ಟರು ಪ್ರಾಥಮಿಕ ಚುನಾವಣೆ ನಡೆದ ಹನ್ನೆರಡು ರಾಜ್ಯಗಳ ಪೈಕಿ ಒಂಬತ್ತರಲ್ಲಿ ಗೆದ್ದೂ ಶಿಕಾಗೋದ ರಿಪಬ್ಲಿಕನ್ ಅಧಿವೇಶನದಲ್ಲಿ ಅಧ್ಯಕ್ಷ ಟ್ಯಾಫ್ಟರ ಎದುರು ಸೋತುದು ದೇಶದಾದ್ಯಂತ ಜನರನ್ನು ಕೆರಳಿಸಿತು. ಆ ಕೆರಳಿಕೆಯ ಗಾಳಿಯಲ್ಲಿಯೇ 1913ರಲ್ಲಿ, ರಿಚ್‌ಮಂಡ್ ಎಂಬ ಸಣ್ಣ ಊರಿನ ಶಾಸಕ ಸ್ಟೀಫನ್ ಬುಲಕ್ ಅವರು ಮಂಡಿಸಿದ ಮಸೂದೆ ಅಂಗೀಕಾರವಾಗಿ, ಮಹಾಧಿವೇಶನದ ಪ್ರತಿನಿಧಿಗಳನ್ನು ಇನ್ನು ಮುಂದೆ ಮತದಾರರೇ ಆರಿಸತಕ್ಕದ್ದೆಂದು ಶಾಸನವಾಯಿತು.

ಆ ಶಾಸನವು ಚುನಾವಣೆಗೆ ಗೊತ್ತುಮಾಡಿದ್ದು ಮೇ ತಿಂಗಳನ್ನು. ಎರಡು ವರ್ಷ ಕಳೆದು 1915ರಲ್ಲಿ ಶಾಸನಸಭೆಯು ಅದನ್ನು ಮಾರ್ಚಿ ತಿಂಗಳ ಎರಡನೆಯ ಮಂಗಳವಾರಕ್ಕೆ ಹಿಂದೂಡಿತು. ಇಂದು ಅಧ್ಯಕ್ಷರ ಭಾಗ್ಯವನ್ನು ನಿರ್ಣಯಿಸಬಲ್ಲ ಈ ತಿದ್ದುಪಡಿಯ ಹಿಂದೆ ಯಾವ ಮಹತ್ವಾಕಾಂಕ್ಷೆಯೂ ಇರಲಿಲ್ಲ, ಇದ್ದುದು ಮಿತವ್ಯಯ. ಮಾರ್ಚಿಯ ಎರಡನೆಯ ಮಂಗಳವಾರವೆಂದರೆ ಆ ರಾಜ್ಯದ ಊರೂರುಗಳಲ್ಲಿಯೂ ಊರಸಭೆ ಸೇರುವ ದಿನ. ವಯಸ್ಕರೆಲ್ಲ ಪುರಭವನದ ಬೆಂಚುಗಳ ಮೇಲೆ ಕುಳಿತು, ರಸ್ತೆಯ ರಿಪೇರಿಗೆ ಎಷ್ಟು, ಶಾಲೆಗೆ ಎಷ್ಟು, ಹಿಮ ತಳ್ಳುವ ಕೆಲಸಕ್ಕೆ ಎಷ್ಟು ಎಂಬುದನ್ನು ಬಾಬುವಾರು ಚರ್ಚಿಸಿ ಮತ ಹಾಕಿ ನಿರ್ಣಯಿಸುವ ಈ ಪದ್ಧತಿ ವಸಾಹತು ಕಾಲದಿಂದ ನಡೆದುಬಂದುದು. ಪುರಭವನಕ್ಕೆ ಆ ದಿನ ಹೇಗೂ ಬೆಂಕಿ ಹಾಕಿ ಕಾಯಿಸಬೇಕು, ದೀಪ ಬೆಳಗಬೇಕು. ಮೇ ತಿಂಗಳಲ್ಲಿ ಇನ್ನೊಂದು ಸಲ ಇದೇ ಖರ್ಚೇತಕ್ಕೆ? ಅಲ್ಲದೆ ಮಾರ್ಚಿ ಕಳೆದೊಡನೆ ಹಿಮ ಕರಗಿ ರಸ್ತೆಗಳೆಲ್ಲ ಕೆಸರಿನ ಮಡುವಾಗುತ್ತವೆ. ಆ ಜನ ಅದನ್ನು ಕೆಸರಿನ ಕಾಲವೆಂದೇ ಕರೆಯುತ್ತಾರೆ. ಅದು ಮುಗಿಯುವಷ್ಟರಲ್ಲಿ ರೈತನಿಗೆ ಹೊಲದ ಕೆಲಸ ಬರುತ್ತದೆ. ಕೂಡಿದ ಜನ ಕೂಡಿದಾಗಲೇ ಈ ಮತವನ್ನೂ ಹಾಕಿ ಹೋಗಲಿ ಎಂಬ ಗೃಹಸ್ಥ ಬುದ್ಧಿಯಿಂದ ಒಂದು ರಾಷ್ಟ್ರೀಯ ಸಂಸ್ಥೆಯ ಜನನವಾಯಿತು. ಒಂದು ವಿಷಯವನ್ನು ಇಲ್ಲಿಯೇ ಒತ್ತಿ ಹೇಳಬೇಕು: ಊರ ಖರ್ಚಿನ ಪೈಸೆ ಪೈಸೆಯನ್ನು ಪ್ರಶ್ನಿಸಿ ರೂಢಿಯಾದ ನಾಲಗೆಯೇ ಮುಂದೆ ಅಧ್ಯಕ್ಷ ಪದವಿಯ ಆಕಾಂಕ್ಷಿಯನ್ನೂ ಪ್ರಶ್ನಿಸಿತು. ಪ್ರಾಥಮಿಕ ಚುನಾವಣೆಯು ಊರಸಭೆಯ ಒಕ್ಕಲಿಗೆ ಹೊಸದಾಗಿ ಬಂದ ನೆಂಟನಂತೆ ಬಂದು, ಆ ಮನೆಯ ನಡೆನುಡಿಗಳನ್ನೇ ಕಲಿತುಕೊಂಡಿತು.

1916ರ ಮಾರ್ಚಿ 14ರಂದು ಪ್ರಥಮ ಮತದಾನ ನಡೆಯಿತು. ಅಂದು ನ್ಯೂ ಹ್ಯಾಂಪ್‌ಶೈರ್ ಮೊದಲನೆಯದಾಗಿರಲಿಲ್ಲ. ಇಂಡಿಯಾನಾ ರಾಜ್ಯವು ಒಂದು ವಾರ ಮುಂಚೆಯೇ ಮತ ಹಾಕಿ ಮುಗಿಸಿತ್ತು, ಮಿನ್ನೆಸೋಟದಲ್ಲಿ ಅದೇ ದಿನ ಮತದಾನವಿತ್ತು. 1920ರ ವೇಳೆಗೆ ಇಂಡಿಯಾನಾ ತನ್ನ ದಿನವನ್ನು ಮೇ ತಿಂಗಳಿಗೆ ಬದಲಾಯಿಸಿಕೊಂಡಿತು, ಮಿನ್ನೆಸೋಟ ಪ್ರಾಥಮಿಕ ಚುನಾವಣೆಯನ್ನೇ ಕೈಬಿಟ್ಟಿತು; ಹೀಗೆ ಕಾದಾಡದೆ, ಕೋರದೆ ಪ್ರಥಮ ಸ್ಥಾನವು ಇದರ ಪಾಲಿಗೆ ಬಂದಿತು. ಸ್ತ್ರೀಯರಿಗೆ ಮತಾಧಿಕಾರವನ್ನು ಕೊಟ್ಟ ಸಂವಿಧಾನದ ತಿದ್ದುಪಡಿ 1920ರ ಆಗಸ್ಟಿನಲ್ಲಿ ಸ್ಥಿರಪಟ್ಟುದರಿಂದ, ಆ ರಾಜ್ಯದ ಅರ್ಧ ಜನರಿಗೆ ಈ ಚುನಾವಣೆಯ ಬಾಗಿಲು ತೆರೆದುದು 1924ರಲ್ಲಿ. ಅಲ್ಲಿಂದ 1948ರವರೆಗಿನ ವೃತ್ತಾಂತವನ್ನು ವಿಸ್ತರಿಸಬೇಕಾದ ಅವಶ್ಯಕತೆ ಕಾಣುವುದಿಲ್ಲ. ಮತಪತ್ರದ ಮೇಲೆ ಇರುತ್ತಿದ್ದುದು ಪ್ರತಿನಿಧಿಗಳ ಹೆಸರುಗಳು ಮಾತ್ರ. ಅವರಲ್ಲಿ ಹಲವರು ತಾವು ಯಾರ ಪರವೆಂಬುದನ್ನೇ ಹೇಳದೆ ನಿಲ್ಲುತ್ತಿದ್ದರು. ಮತದಾರನು ತನ್ನ ನೆರೆಯವನನ್ನೋ ಪರಿಚಿತ ಮುಖಂಡನನ್ನೋ ಆರಿಸಿ ಕಳುಹಿಸುತ್ತಿದ್ದನೇ ಹೊರತು ಅಧ್ಯಕ್ಷನನ್ನಲ್ಲ.

ಈ ಜಡತ್ವವನ್ನು ಹೋಗಲಾಡಿಸಿದವರು ರಾಜ್ಯ ಶಾಸನಸಭೆಯ ಕೆಳಮನೆಯ ಅಧ್ಯಕ್ಷರಾಗಿದ್ದ ರಿಚರ್ಡ್ ಅಪ್ಟನ್. ಜನರು ಮತದಾನದಲ್ಲಿ ಆಸಕ್ತಿ ತಳೆಯಬೇಕಾದರೆ ಅದಕ್ಕೆ ಅರ್ಥ ಬರಬೇಕೆಂಬುದು ಅವರ ವಾದ. 1949ರಲ್ಲಿ ಅವರು ಮಾಡಿಸಿದ ಶಾಸನದ ಪ್ರಕಾರ, ಪ್ರತಿನಿಧಿಗಳ ಪಟ್ಟಿಯ ಜೊತೆಗೆ ಅಧ್ಯಕ್ಷ ಪದವಿಯ ಆಕಾಂಕ್ಷಿಗಳ ಹೆಸರುಗಳೂ ಮತಪತ್ರದ ಮೇಲೆ ಮುದ್ರಿತವಾಗತಕ್ಕದ್ದು, ಮತದಾರನು ತನ್ನ ಒಲವನ್ನು ಅಲ್ಲಿ ನೇರವಾಗಿ ಸೂಚಿಸತಕ್ಕದ್ದು. ಈ ಒಲವಿನ ಮತಕ್ಕೆ ಪ್ರತಿನಿಧಿಗಳನ್ನು ಕಟ್ಟಿಹಾಕುವ ಬಲವಿರಲಿಲ್ಲ. ಅದು ಬರಿಯ ಅಭಿಪ್ರಾಯ. ಆದರೆ ಜನಾಭಿಪ್ರಾಯವು ಬಹಿರಂಗವಾಗಿ ಅಂಕಿಗಳಲ್ಲಿ ಪ್ರಕಟವಾದ ಮೇಲೆ ಅದನ್ನು ಬರಿಯದೆಂದು ಕರೆಯುವ ಧೈರ್ಯ ಯಾರಿಗಿದ್ದೀತು!

1952ರ ಮಾರ್ಚಿ 11ರಂದು ಈ ಹೊಸ ಕಾನೂನಿನ ಪರೀಕ್ಷೆಯಾಯಿತು. ಆಗ ಜನರಲ್ ಐಸೆನ್‌ಹೋವರರು ಯೂರೋಪಿನಲ್ಲಿ ಮಿತ್ರಸೈನ್ಯದ ದಂಡನಾಯಕರಾಗಿದ್ದರು. ಸಮವಸ್ತ್ರ ತೊಟ್ಟ ಸೇನಾನಿಯಾದುದರಿಂದ ಪ್ರಚಾರಕ್ಕೆ ಬರುವಂತಿರಲಿಲ್ಲ. ಅವರು ಯಾವ ಪಕ್ಷದವರೆಂಬುದೇ ಜನರಿಗೆ ಖಚಿತವಾಗಿರಲಿಲ್ಲ. ಮ್ಯಾಸಚೂಸೆಟ್ಸಿನ ಸೆನೆಟರ್ ಹೆನ್ರಿ ಕ್ಯಾಬಟ್ ಲಾಜ್ ಅವರು ಆ ವರ್ಷದ ಜನವರಿಯಲ್ಲಿ ಅವರ ಹೆಸರನ್ನು ರಿಪಬ್ಲಿಕನ್ ಮತಪತ್ರಕ್ಕೆ ಸೇರಿಸುವ ವ್ಯವಸ್ಥೆ ಮಾಡಿದರು. ರಾಜ್ಯದ ಗವರ್ನರ್ ಶೆರ್ಮನ್ ಆಡಮ್ಸ್ ಅವರು ಪ್ರಚಾರದ ಭಾರವನ್ನು ಹೊತ್ತರು. ಎದುರಾಳಿ ಸೆನೆಟರ್ ಟ್ಯಾಫ್ಟರು (1912ರ ಅಧ್ಯಕ್ಷ ಟ್ಯಾಫ್ಟರ ಮಗ) ಸ್ವತಃ ಬಂದು ಊರೂರು ತಿರುಗಿದರೂ ಸಮುದ್ರದಾಚೆಗಿದ್ದ ಸೇನಾನಿಯೇ ಶೇಕಡ 50ರಷ್ಟು ಮತ ಪಡೆದು ಗೆದ್ದರು. ಡೆಮೊಕ್ರಾಟಿಕ್ ಪಕ್ಷದಲ್ಲಿ ಆದುದು ಇನ್ನೂ ವಿಸ್ಮಯಕರ. ಪದವಿಯಲ್ಲಿದ್ದ ಅಧ್ಯಕ್ಷ ಟ್ರೂಮನ್ನರು ಪ್ರಾಥಮಿಕ ಚುನಾವಣೆಗಳೆಲ್ಲ ಕಣ್ಣೊರಸುವ ಆಟವೆಂಬ ಅರ್ಥದ ಮಾತನ್ನಾಡಿ, ತಮ್ಮ ಹೆಸರನ್ನು ತೆಗೆಯಿರೆಂದು ಮೊದಲು ಹೇಳಿ, ಅನಂತರ ಇರಲೆಂದು ಬಿಟ್ಟಿದ್ದರು. ಟೆನೆಸಿಯ ಸೆನೆಟರ್ ಎಸ್ಟಿಸ್ ಕೆಫಾವರ್ ಅವರು ಮನೆಮನೆಯ ಬಾಗಿಲು ತಟ್ಟಿ, ಸಿಕ್ಕವರ ಕೈಹಿಡಿದು ತಮ್ಮ ಹೆಸರು ಹೇಳಿ, ಮತ ಯಾಚಿಸಿದರು. ಎಣಿಕೆಯಾದಾಗ ಅಧ್ಯಕ್ಷರಿಗೆ ದೊರೆತುದು ಶೇಕಡ 44, ಕೆಫಾವರರಿಗೆ 55. ಅದೇ ಮಾರ್ಚಿ 29ರಂದು ಟ್ರೂಮನ್ನರು ತಾವು ಮತ್ತೆ ಸ್ಪರ್ಧಿಸುವುದಿಲ್ಲವೆಂದು ಸಾರಿದರು. ಅವರ ನಿರ್ಧಾರಕ್ಕೆ ಬೇರೆ ಕಾರಣಗಳೂ ಇದ್ದುವು. ಆದರೂ ರೈತರೂ ಗಿರಣಿ ಕಾರ್ಮಿಕರೂ ಹಾಕಿದ ಮೂವತ್ತೈದು ಸಾವಿರದಷ್ಟು ಮತಗಳು ರಾಷ್ಟ್ರಾಧ್ಯಕ್ಷರ ಕಣ್ಣಿಗೆ ಬಿದ್ದುವೆಂಬುದು ಅಂದು ಸಿದ್ಧವಾಯಿತು. ಅಂದಿನಿಂದ ನಲವತ್ತು ವರ್ಷಗಳ ಪರ್ಯಂತ ನ್ಯೂ ಹ್ಯಾಂಪ್‌ಶೈರಿನಲ್ಲಿ ಗೆಲ್ಲದೆ ಅಧ್ಯಕ್ಷ ಪದವಿಗೆ ಚುನಾಯಿತರಾದವರು ಒಬ್ಬರೂ ಇಲ್ಲ.

ಈ ಚುನಾವಣೆಯ ಮತಪತ್ರದಲ್ಲಿ, ಮುದ್ರಿತ ಹೆಸರುಗಳ ಕೆಳಗೆ, ಒಂದು ಖಾಲಿ ಗೆರೆ ಇರುತ್ತದೆ. ಅಚ್ಚಾದ ಹೆಸರುಗಳಲ್ಲಿ ಯಾವುದೂ ತನಗೆ ಸಮ್ಮತವಾಗದಿದ್ದರೆ ಮತದಾರನು ತನಗೆ ಬೇಕಾದವರ ಹೆಸರನ್ನು ಅಲ್ಲಿ ತನ್ನ ಕೈಯಿಂದಲೇ ಬರೆಯಬಹುದು. ಅನೇಕ ರಾಜ್ಯಗಳಲ್ಲಿಯೂ ಇರುವ ಈ ಸೌಕರ್ಯವನ್ನು ನ್ಯೂ ಹ್ಯಾಂಪ್‌ಶೈರಿನ ಜನ ಉಪಯೋಗಿಸಿದಷ್ಟು ನಿಶ್ಚಯಬುದ್ಧಿಯಿಂದ ಬೇರೆಯವರು ಉಪಯೋಗಿಸಿಲ್ಲವೆಂದು ನನ್ನ ಅಭಿಪ್ರಾಯ. ನನ್ನನ್ನು ಕೇಳಿದರೆ ಈ ಸಂಸ್ಥೆಯ ಜೀವ ಇರುವುದು ಆ ಗೆರೆಯಲ್ಲಿ. ಪ್ರಥಮ ಸ್ಥಾನದ ಹೆಮ್ಮೆಯು ಅದರ ತರುವಾಯದ್ದು.

1964ರಲ್ಲಿ ರಿಪಬ್ಲಿಕನ್ ಪಕ್ಷದ ಇಬ್ಬರು ಮಹಾರಥಿಗಳು, ಸೆನೆಟರ್ ಗೋಲ್ಡ್‌ವಾಟರ್ ಮತ್ತು ಗವರ್ನರ್ ರಾಕಿಫೆಲರ್, ಅಪಾರ ದ್ರವ್ಯವನ್ನೂ ಪರಿಶ್ರಮವನ್ನೂ ವ್ಯಯಮಾಡಿ ಹಿಮದಲ್ಲಿ ಸುತ್ತಾಡುತ್ತಿದ್ದರು. ಹನ್ನೆರಡು ವರ್ಷಗಳ ಹಿಂದೆ ಐಸೆನ್‌ಹೋವರರ ಹೆಸರನ್ನು ಈ ಕಣಕ್ಕಿಳಿಸಿದ ಹೆನ್ರಿ ಕ್ಯಾಬಟ್ ಲಾಜ್ ಅವರು ಆಗ ಸಾವಿರಾರು ಮೈಲಿಗಳ ದೂರದಲ್ಲಿ, ಸೈಗಾನಿನಲ್ಲಿ, ದಕ್ಷಿಣ ವಿಯಟ್ನಾಮಿಗೆ ಅಮೆರಿಕದ ರಾಯಭಾರಿಯಾಗಿದ್ದರು. ಅವರು ಸ್ಪರ್ಧಿಸಿರಲಿಲ್ಲ, ಭಾಷಣ ಮಾಡಿರಲಿಲ್ಲ, ಸಮ್ಮತಿಯನ್ನೂ ಕೊಟ್ಟಿರಲಿಲ್ಲ. ಬಾಸ್ಟನ್ನಿನಿಂದ ಬಂದ ನಾಲ್ವರು ಹವ್ಯಾಸಿ ಕಾರ್ಯಕರ್ತರು ರಾಜಧಾನಿ ಕಾನ್‌ಕರ್ಡಿನಲ್ಲಿ ಒಂದು ಕಚೇರಿ ತೆರೆದು, ಮತದಾರರಿಗೆ ಟಪಾಲಿನ ಮೂಲಕ ಬೆಂಬಲಪತ್ರಗಳನ್ನು ಕಳುಹಿಸಿ, ಹೆಸರನ್ನು ಬರೆಯುವ ರೀತಿಯನ್ನು ತಿಳಿಸಿಕೊಟ್ಟರು. ಮಾರ್ಚಿ 10ರ ಮತದಾನದ ದಿನ ಹಿಮಪಾತವಾಯಿತು. ಆ ಹಿಮದಲ್ಲಿ ನಡೆದುಬಂದು ಮೂವತ್ಮೂರು ಸಾವಿರ ಜನ ಲಾಜ್ ಎಂಬ ಹೆಸರನ್ನು ಸೀಸದಕಡ್ಡಿಯಿಂದ ಬರೆದರು. ಗೋಲ್ಡ್‌ವಾಟರರಿಗೆ ಬಂದುದು ಸುಮಾರು ಇಪ್ಪತ್ತೊಂದು ಸಾವಿರ, ರಾಕಿಫೆಲರರಿಗೆ ಅದಕ್ಕೂ ಕಡಿಮೆ. ಲಾಜ್ ಅವರಿಗೆ ಮುಂದೆ ಉಮೇದುವಾರಿಕೆ ದೊರೆಯಲಿಲ್ಲವೆಂಬುದು ಬೇರೆಯ ಮಾತು.

ನಾಲ್ಕು ವರ್ಷಗಳ ತರುವಾಯ ಅದೇ ವಿಯಟ್ನಾಮು ಇನ್ನೂ ಘೋರವಾದ ರೂಪದಲ್ಲಿ ಈ ರಾಜ್ಯದ ಬಾಗಿಲಿಗೆ ಬಂದಿತು. ಯುದ್ಧವನ್ನು ವಿರೋಧಿಸಿ ಮಿನ್ನೆಸೋಟದ ಸೆನೆಟರ್ ಯೂಜೀನ್ ಮೆಕಾರ್ಥಿ ಅವರು ತಮ್ಮದೇ ಪಕ್ಷದ ಅಧ್ಯಕ್ಷ ಲಿಂಡನ್ ಜಾನ್ಸನ್ನರ ಎದುರು ನಿಂತರು. ಮೆಲುಮಾತಿನ ಆ ಸೆನೆಟರರ ಬೆನ್ನಿಗೆ ನಿಂತವರು ಕಾಲೇಜು ವಿದ್ಯಾರ್ಥಿಗಳು. ಹಳ್ಳಿಯ ಹಿರಿಯರ ಮನಸ್ಸಿಗೆ ನೋವಾಗಬಾರದೆಂದು ಗಡ್ಡ ಬೋಳಿಸಿ, ಕೂದಲು ಕತ್ತರಿಸಿ, ಅಚ್ಚುಕಟ್ಟಾಗಿ ಉಡುಪು ತೊಟ್ಟು ಅವರು ಸಾವಿರಾರು ಮನೆಗಳ ಬಾಗಿಲು ತಟ್ಟಿದರು. ಜಾನ್ಸನ್ನರ ಹೆಸರು ಮತಪತ್ರದಲ್ಲಿ ಇರಲಿಲ್ಲ. ಅವರ ಬೆಂಬಲಿಗರು ಅದೇ ಖಾಲಿ ಗೆರೆಯನ್ನು ಆಶ್ರಯಿಸಬೇಕಾಯಿತು. ಆದರೆ ಅವರು ಮಾಡಿದ ಒಂದು ಪ್ರಮಾದವನ್ನು ಇಲ್ಲಿ ಹೇಳತಕ್ಕದ್ದು: ಕ್ರಮಸಂಖ್ಯೆ ಮುದ್ರಿಸಿದ ವಾಗ್ದಾನಪತ್ರಗಳನ್ನು ಹಂಚಿ, ಮತದಾರನು ಸಹಿ ಹಾಕಿದ ಒಂದು ತುಣುಕು ಶ್ವೇತಭವನಕ್ಕೆ ತಲುಪುವಂತೆ ಏರ್ಪಡಿಸಿದರು. ತನ್ನ ಮತವು ತನ್ನ ಗುಟ್ಟೆಂದು ನಂಬಿದ ಜನಕ್ಕೆ ಇದು ಅವಮಾನವಾಗಿ ಕಂಡಿತು. ಮಾರ್ಚಿ 12ರಂದು ಜಾನ್ಸನ್ನರಿಗೆ ಕೈಬರಹದ ಮತಗಳಿಂದ ಶೇಕಡ 49ಕ್ಕೂ ಹೆಚ್ಚು ಬಂದಿತು, ಮೆಕಾರ್ಥಿಯವರಿಗೆ 42. ಅಂಕಿಯ ಲೆಕ್ಕದಲ್ಲಿ ಗೆದ್ದವರು ಅಧ್ಯಕ್ಷರೇ. ಆದರೆ ಪ್ರತಿನಿಧಿ ಸ್ಥಾನಗಳಿಗೆ ಅವರ ಪರವಾಗಿ ಅಗತ್ಯಕ್ಕಿಂತ ಹೆಚ್ಚು ಮಂದಿ ನಿಂತು ಮತಗಳು ಹಂಚಿಹೋದುದರಿಂದ, 24ರಲ್ಲಿ 20 ಸ್ಥಾನಗಳು ಮೆಕಾರ್ಥಿಯವರ ಪಾಲಾದುವು. ನಾಲ್ಕೇ ದಿನಗಳಲ್ಲಿ ರಾಬರ್ಟ್ ಕೆನೆಡಿ ಕಣಕ್ಕಿಳಿದರು. ಮಾರ್ಚಿ 31ರ ರಾತ್ರಿ ಜಾನ್ಸನ್ನರು ದೂರದರ್ಶನದಲ್ಲಿ ತಾವು ಪುನಃ ಉಮೇದುವಾರರಾಗುವುದಿಲ್ಲವೆಂದು ಪ್ರಕಟಿಸಿದರು. ಗೆದ್ದವನು ಹಿಮ್ಮೆಟ್ಟಿ ಸೋತವನು ಚರಿತ್ರೆಯನ್ನು ತಿರುಗಿಸಿದ ಇಂಥ ನಿದರ್ಶನ ಚುನಾವಣೆಗಳ ಇತಿಹಾಸದಲ್ಲಿ ವಿರಳ.

ಈ ಬಗೆಯ ಶಕ್ತಿ ಪ್ರಾಪ್ತವಾದ ಮೇಲೆ ಅದರ ದುರುಪಯೋಗವೂ ಬೆನ್ನುಹತ್ತಿ ಬಂದಿತು. 1972ರಲ್ಲಿ ನೆರೆರಾಜ್ಯ ಮೇಯ್ನಿನ ಸೆನೆಟರ್ ಎಡ್ಮಂಡ್ ಮಸ್ಕಿ ಅವರ ಮೇಲೆ, ಫ್ರೆಂಚ್ ಕೆನಡದಿಂದ ಬಂದು ಮ್ಯಾಂಚೆಸ್ಟರಿನ ಬಟ್ಟೆಗಿರಣಿಗಳಲ್ಲಿ ದುಡಿದ ಜನರ ವಂಶಜರನ್ನು ಹೀನಾಯವಾಗಿ ಕಂಡರೆಂಬ ಸುಳ್ಳು ಪತ್ರವೊಂದು ಅಲ್ಲಿಯ ಯೂನಿಯನ್ ಲೀಡರ್ ಪತ್ರಿಕೆಯಲ್ಲಿ ಅಚ್ಚಾಯಿತು. ಅವರ ಧರ್ಮಪತ್ನಿಯ ವಿಷಯದಲ್ಲಿಯೂ ಪತ್ರಿಕೆ ಅನುಚಿತವಾಗಿ ಬರೆಯಿತು. ಆ ಪತ್ರಿಕೆಯ ಕಚೇರಿಯ ಮುಂದೆ ಸುರಿಯುವ ಹಿಮದಲ್ಲಿ ನಿಂತು ಮಸ್ಕಿಯವರು ಉತ್ತರ ಕೊಡುವಾಗ ಅವರ ಕೆನ್ನೆಯ ಮೇಲೆ ಇಳಿದುದು ಕಣ್ಣೀರೋ ಕರಗಿದ ಹಿಮವೋ ಎಂಬ ಚರ್ಚೆ ಇಂದಿಗೂ ತೀರಿಲ್ಲ. ಪತ್ನಿಯ ಗೌರವಕ್ಕಾಗಿ ಒಬ್ಬ ಗಂಡನ ಕಣ್ಣು ಒದ್ದೆಯಾದುದನ್ನು ದೌರ್ಬಲ್ಯವೆಂದು ಲೆಕ್ಕಹಾಕಿದ ಅಂದಿನ ರಾಜಕೀಯ ವಿವೇಚನೆಯು ನನಗೆ ಅತ್ಯಂತ ಕ್ರೂರವಾಗಿ ತೋರುತ್ತದೆ. ಶೇಕಡ 46 ಮತ ಪಡೆದು ಗೆದ್ದರೂ ನಿರೀಕ್ಷಿಸಿದಷ್ಟು ಬರಲಿಲ್ಲವೆಂಬ ಕಾರಣದಿಂದ ಅವರ ಯಾತ್ರೆ ಕುಂಠಿತವಾಯಿತು.

ತಾನಾಗಿ ಬಂದ ಪ್ರಥಮ ಸ್ಥಾನವನ್ನು ಕಾಯ್ದುಕೊಳ್ಳುವ ಪ್ರಶ್ನೆ ಎದ್ದುದು ಎಪ್ಪತ್ತರ ದಶಕದಲ್ಲಿ. ಈಶಾನ್ಯದ ನ್ಯೂ ಇಂಗ್ಲೆಂಡ್ ಪ್ರದೇಶದ ಇತರ ರಾಜ್ಯಗಳು ಒಂದೇ ದಿನ ಮತದಾನ ನಡೆಸುವ ಆಲೋಚನೆ ಮಾಡಿದಾಗ, 1975ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಶಾಸನಸಭೆ ತನ್ನ ಪ್ರಾಥಮಿಕ ಚುನಾವಣೆಯು ಅವುಗಳಿಗಿಂತ ಮುಂಚಿತವಾಗಿಯೇ ನಡೆಯತಕ್ಕದ್ದೆಂದು ಕಾನೂನು ಮಾಡಿತು. ಅದೇ ಮುಂದೆ ವಿಸ್ತಾರಗೊಂಡು, ಇಂಥ ಇನ್ನಾವ ಚುನಾವಣೆಗಿಂತಲೂ ಕನಿಷ್ಠ ಏಳು ದಿನ ಮೊದಲೆಂಬ ರೂಪವನ್ನು ತಾಳಿತು. ಈ ಕಾನೂನಿನ ಪಾಲಕರಾಗಿ ನಿಂತವರು ರಾಜ್ಯ ಕಾರ್ಯದರ್ಶಿ ಬಿಲ್ ಗಾರ್ಡ್ನರ್. 1976ರ ಡಿಸೆಂಬರಿನಲ್ಲಿ ಶಾಸಕರಿಂದ ಆರಿಸಲ್ಪಟ್ಟು, 2022ರ ಜನವರಿಯವರೆಗೆ, ಎರಡು ಪಕ್ಷಗಳ ಬಹುಮತದ ಕಾಲದಲ್ಲಿಯೂ ಮತ್ತೆ ಮತ್ತೆ ಚುನಾಯಿತರಾಗಿ ಅವರು ನಲವತ್ತೈದು ವರ್ಷ ಆ ಪದವಿಯಲ್ಲಿದ್ದರು. ಬೇರೆ ರಾಜ್ಯಗಳು ತಮ್ಮ ತಾರೀಖುಗಳನ್ನು ಮುಂದಕ್ಕೆ ತಂದಂತೆಲ್ಲ ಅವರು ತಮ್ಮದನ್ನು ಗುಟ್ಟಾಗಿಟ್ಟು, ಕೊನೆಯ ಗಳಿಗೆಯಲ್ಲಿ ಪ್ರಕಟಿಸುವರು. 1972ರಲ್ಲಿ ಮಾರ್ಚಿ 7 ಆಗಿದ್ದ ದಿನವು 2000ದಲ್ಲಿ ಫೆಬ್ರವರಿ 1 ಆಗಿ, 2008ರಲ್ಲಿ ಜನವರಿ 8ರವರೆಗೆ ಸರಿಯಿತು. ಊರಸಭೆಯ ದಿನದೊಡನೆ ಇದ್ದ ಹಳೆಯ ನಂಟು ಹೀಗೆ ಕಡಿದುಹೋದುದು ಖೇದದ ಸಂಗತಿ. ಪ್ರಥಮ ಸ್ಥಾನದ ಬೆಲೆಯನ್ನು ಆ ರಾಜ್ಯ ತನ್ನ ಪರಂಪರೆಯ ಒಂದು ಅಂಶದಿಂದಲೇ ತೆತ್ತಿತು.

ಆದರೆ ಊರಸಭೆಯ ಮನೋಧರ್ಮ ಉಳಿದಿದೆ. ಆಕಾಂಕ್ಷಿಯಾದವರು ಕಾನ್‌ಕರ್ಡಿನ ಶಾಸನಭವನಕ್ಕೆ ಬಂದು ರಾಜ್ಯ ಕಾರ್ಯದರ್ಶಿಯ ಕಚೇರಿಯಲ್ಲಿ ಒಂದು ಹಾಳೆಯ ಘೋಷಣೆಗೆ ಸಹಿ ಮಾಡಿ, ಒಂದು ಸಾವಿರ ಡಾಲರ್ ಶುಲ್ಕ ಕಟ್ಟಿದರೆ ಸಾಕು, ಹೆಸರು ಮತಪತ್ರವನ್ನು ಸೇರುತ್ತದೆ. ಸೆನೆಟರನಿಗೂ ಅಪರಿಚಿತನಿಗೂ ಅದೇ ಹಾಳೆ. 1992ರಲ್ಲಿ ಅರುವತ್ತಕ್ಕೂ ಹೆಚ್ಚು ಜನ ಹೀಗೆ ಹೆಸರು ಕೊಟ್ಟಿದ್ದರು. ಆ ಶಾಸನಭವನದ ಕೆಳಮನೆಯಲ್ಲಿ ನಾನೂರು ಸದಸ್ಯರಿದ್ದಾರೆ, ಅವರ ವೇತನ ವರ್ಷಕ್ಕೆ ನೂರು ಡಾಲರ್. 1889ರಲ್ಲಿ ನಿಗದಿಯಾದುದು ಇಂದಿಗೂ ಬದಲಾಗಿಲ್ಲ. ಮೂರೂವರೆ ಸಾವಿರ ಜನರಿಗೊಬ್ಬ ಶಾಸಕನಿರುವ ನಾಡಿನಲ್ಲಿ ಅಧಿಕಾರಸ್ಥನೆಂದರೆ ಪಕ್ಕದ ಬೀದಿಯವನು. ಅವನನ್ನು ಮಾತಾಡಿಸುವಂತೆಯೇ ಅಧ್ಯಕ್ಷನಾಗಬಯಸುವವನನ್ನೂ ಮಾತಾಡಿಸುತ್ತಾರೆ. ಯಾವ ಪಕ್ಷಕ್ಕೂ ಸೇರದವರೆಂದು ನೋಂದಾಯಿಸಿಕೊಂಡ ಮತದಾರರ ಸಂಖ್ಯೆ ಅಲ್ಲಿ ಬಹಳ. ಅವರು ಅಂದು ಯಾವುದಾದರೊಂದು ಪಕ್ಷದ ಮತಪತ್ರವನ್ನು ಕೇಳಿ ಪಡೆದು, ಮತ ಹಾಕಿ, ಹೊರಗೆ ಬರುವಾಗ ಒಂದು ಚೀಟಿಗೆ ಸಹಿ ಹಾಕಿ ಮತ್ತೆ ಪಕ್ಷಾತೀತರಾಗಿಯೇ ಮನೆಗೆ ಹೋಗಬಹುದು.

ಉತ್ತರದ ಬೆಟ್ಟಗಳ ನಡುವಿನ ಡಿಕ್ಸ್‌ವಿಲ್ ನಾಚ್ ಎಂಬ ಕಿರುಗ್ರಾಮದ ಅರ್ಧರಾತ್ರಿಯ ಮತದಾನವನ್ನು ಎಲ್ಲರೂ ಬಲ್ಲರು. 1960ರಿಂದ ಅಲ್ಲಿಯ ಬೆರಳೆಣಿಕೆಯ ಮತದಾರರು ಹನ್ನೆರಡು ಗಂಟೆ ಹೊಡೆದೊಡನೆ ಮತ ಹಾಕಿ, ಕೆಲವೇ ನಿಮಿಷಗಳಲ್ಲಿ ಎಣಿಸಿ ಪ್ರಕಟಿಸುತ್ತಾರೆ. ಹಾರ್ಟ್ಸ್ ಲೊಕೇಷನ್ ಎಂಬ ಇನ್ನೊಂದು ಗ್ರಾಮದಲ್ಲಿ ಈ ವಾಡಿಕೆ ಅದಕ್ಕೂ ಹಳೆಯದು. 1948ರಲ್ಲಿ, ಬೆಳಗಿನ ಮತಗಟ್ಟೆ ತೆರೆಯುವ ಮುನ್ನವೇ ಕೆಲಸಕ್ಕೆ ಹೊರಡಬೇಕಾಗಿದ್ದ ರೈಲ್ವೆ ಕೆಲಸಗಾರರ ಅನುಕೂಲಕ್ಕಾಗಿ ಅದು ಆರಂಭವಾದುದು. ಕ್ಯಾಮೆರಾಗಳ ಬೆಳಕಿನಲ್ಲಿ ಈ ಮೂಲಕಾರಣ ಮರೆಯಾಗಬಾರದು.

1976ರಲ್ಲಿ ಜಾರ್ಜಿಯಾದ ಕಡಲೆಕಾಯಿ ಕೃಷಿಕ ಜಿಮ್ಮಿ ಕಾರ್ಟರರ ಪರವಾಗಿ ಅವರ ಊರುಕೇರಿಯ ಜನ ದಂಡುಕಟ್ಟಿಕೊಂಡು ಬಂದು, ಅಭ್ಯಾಸವಿಲ್ಲದ ಹಿಮದಲ್ಲಿ ಮನೆಮನೆ ತಿರುಗಿದರು. ರಾಷ್ಟ್ರಕ್ಕೆ ಅಪರಿಚಿತರಾಗಿದ್ದವರು ಶೇಕಡ 28 ಮತಗಳಿಂದ ಪ್ರಥಮರಾಗಿ, ವರ್ಷಾಂತ್ಯಕ್ಕೆ ಅಧ್ಯಕ್ಷರಾಗಿ ಚುನಾಯಿತರಾದರು. 1980ರಲ್ಲಿ ನಾಷುವಾದ ಶಾಲೆಯೊಂದರ ಸಭಾಂಗಣದಲ್ಲಿ, ಚರ್ಚೆಗೆ ಇತರ ನಾಲ್ವರು ಆಕಾಂಕ್ಷಿಗಳನ್ನೂ ಸೇರಿಸಬೇಕೆಂದು ರೇಗನ್ನರು ಹಟ ಹಿಡಿದಾಗ ಅವರ ಧ್ವನಿವರ್ಧಕವನ್ನು ನಿಲ್ಲಿಸಿರೆಂದು ಅಪ್ಪಣೆಯಾಯಿತು. ಇದರ ಖರ್ಚು ಕೊಟ್ಟವನು ನಾನೆಂದು ಅವರು ಗುಡುಗಿದುದು ಆ ಚುನಾವಣೆಯ ಗತಿಯನ್ನೇ ಬದಲಿಸಿತು. ಇಲ್ಲಿ ಗೆಲ್ಲದೆ ಅಧ್ಯಕ್ಷರಾಗುವಂತಿಲ್ಲವೆಂಬ ನಲವತ್ತು ವರ್ಷಗಳ ನಿಯಮ ಮುರಿದುದು 1992ರಲ್ಲಿ. ಎರಡನೆಯವರಾಗಿ ಬಂದ ಬಿಲ್ ಕ್ಲಿಂಟನ್ನರು ಅಧ್ಯಕ್ಷರಾದರು. 2020ರಲ್ಲಿ ಐದನೆಯ ಸ್ಥಾನಕ್ಕಿಳಿದ ಜೋ ಬೈಡನ್ನರೂ ಆದರು.

ಇಷ್ಟು ಹೇಳಿದ ಮೇಲೆ ಆಕ್ಷೇಪವನ್ನು ಮರೆಮಾಚುವುದು ನ್ಯಾಯವಲ್ಲ. ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಶ್ವೇತವರ್ಣೀಯರಿರುವ, ದೊಡ್ಡ ಮಹಾನಗರವೊಂದೂ ಇಲ್ಲದ ಈ ರಾಜ್ಯವು ಕಪ್ಪುಜನರೂ ಲ್ಯಾಟಿನ್ ಅಮೆರಿಕದ ಮೂಲದವರೂ ಏಷ್ಯದವರೂ ತುಂಬಿದ ರಾಷ್ಟ್ರದ ಪರವಾಗಿ ಪ್ರತಿಸಲವೂ ಮೊದಲ ಮಾತನ್ನಾಡುವುದು ಯುಕ್ತವೆ ಎಂಬ ಪ್ರಶ್ನೆ ಬಲವಾದುದು, ಮತ್ತು ಅದನ್ನು ಕೇಳುವವರ ನೋವು ನಿಜವಾದುದು. ಪ್ರಥಮ ಸ್ಥಾನವು ಆ ರಾಜ್ಯದ ಆಜನ್ಮ ಹಕ್ಕೆಂಬ ವಾದವನ್ನು ನಾನು ಒಪ್ಪಲಾರೆ. ಅದು ಇಂಡಿಯಾನಾ ಮಿನ್ನೆಸೋಟಗಳು ಬಿಟ್ಟುಕೊಟ್ಟುದರಿಂದ ಒದಗಿದ ಭಾಗ್ಯ. ಆದರೆ ಆಕಾಂಕ್ಷಿಯು ಹಣದ ಚೀಲವನ್ನೂ ದೂರದರ್ಶನದ ಪರದೆಯನ್ನೂ ಬದಿಗಿಟ್ಟು ಮನುಷ್ಯರ ಎದುರಿಗೆ ನಿಂತು ಉತ್ತರಿಸಬೇಕಾದ ಸ್ಥಳವೊಂದು, ಅದು ಎಲ್ಲಿಯೇ ಇರಲಿ, ಆರಂಭದಲ್ಲಿ ಇರತಕ್ಕದ್ದು. ನೂರು ವರ್ಷಗಳ ಅಭ್ಯಾಸದಿಂದ ಆ ವಿದ್ಯೆಯನ್ನು ಕರಗತ ಮಾಡಿಕೊಂಡ ಜನರನ್ನು ಹಗುರವಾಗಿ ಕಾಣಬಾರದು.

ಈ ವಾದವು ತೀವ್ರಗೊಂಡುದು 2024ರಲ್ಲಿ. ಡೆಮೊಕ್ರಾಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಯು ಮೇಲ್ಕಂಡ ಕಾರಣಗಳಿಗಾಗಿಯೇ ಪ್ರಥಮ ಸ್ಥಾನವನ್ನು ದಕ್ಷಿಣ ಕೆರೊಲಿನಾಕ್ಕೆ ಕೊಟ್ಟಿತು. ತನ್ನ ಕಾನೂನನ್ನು ಬಿಡಲೊಪ್ಪದ ನ್ಯೂ ಹ್ಯಾಂಪ್‌ಶೈರ್ ಜನವರಿ 23ರಂದೇ ಮತದಾನ ನಡೆಸಿತು. ಪಕ್ಷದ ನಿರ್ಣಯಕ್ಕೆ ಬದ್ಧರಾಗಿ ಅಧ್ಯಕ್ಷ ಬೈಡನ್ನರು ಹೆಸರು ಕೊಡಲಿಲ್ಲ, ಪ್ರಚಾರಕ್ಕೂ ಬರಲಿಲ್ಲ. ಮತದಾನಕ್ಕೆ ಎರಡು ದಿನ ಮುಂಚೆ ಯಂತ್ರವು ಸೃಷ್ಟಿಸಿದ, ಬೈಡನ್ನರದೇ ಎನ್ನಿಸುವ ಧ್ವನಿಯೊಂದು ಸಾವಿರಾರು ಮನೆಗಳಿಗೆ ದೂರವಾಣಿ ಮಾಡಿ, ಈಗ ಮತ ಹಾಕಬೇಡಿರೆಂದು ಬೋಧಿಸಿತು. ಜನ ಮತಗಟ್ಟೆಗೆ ಬಂದರು. ಮುದ್ರಿತ ಹೆಸರುಗಳನ್ನು ದಾಟಿ, ಕೆಳಗಿನ ಖಾಲಿ ಗೆರೆಯ ಮೇಲೆ ಬೈಡನ್ ಎಂಬ ಹೆಸರನ್ನು ತಮ್ಮ ಕೈಯಿಂದ ಬರೆದರು; ಹಾಗೆ ಬರೆದವರು ಆ ಪಕ್ಷದ ಮತದಾರರಲ್ಲಿ ನೂರಕ್ಕೆ ಅರುವತ್ತಕ್ಕೂ ಹೆಚ್ಚು. ಪ್ರತಿನಿಧಿಗಳನ್ನು ಅಧಿವೇಶನಕ್ಕೆ ಸೇರಿಸಿಕೊಳ್ಳುವುದಿಲ್ಲವೆಂದು ಪಕ್ಷವು ಮೊದಲು ಹೇಳಿತ್ತು, ಏಪ್ರಿಲಿನಲ್ಲಿ ರಾಜಿಯಾಯಿತು. ಆಗಸ್ಟಿನಲ್ಲಿ ಶಿಕಾಗೋದ ಮಹಾಧಿವೇಶನ ಸೇರಿದಾಗ ಮತದಾರರು ಹೆಸರು ಬರೆದಿದ್ದ ಅಧ್ಯಕ್ಷರು ಸ್ಪರ್ಧೆಯಿಂದ ಹಿಂದೆ ಸರಿದಿದ್ದರು. ನ್ಯೂ ಹ್ಯಾಂಪ್‌ಶೈರಿನ ಪ್ರತಿನಿಧಿಗಳು ತಮ್ಮ ಆಸನಗಳಲ್ಲಿ ಕುಳಿತಿದ್ದರು.